ಬಸ್‌ಸ್ಟ್ಯಾಂಡಿನ ಅಜ್ಜ ನನಗೆ ಗುರುವೇ?

ಪ್ರಶ್ನೆ: ನಾನು ಕುಂಬಳೆ ಕಡೆಯವಳು. ಕಾಸರಗೋಡಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ದಿನಾ ಬಸ್ಸು ಇಳಿಯುವ ಕಡೆ, ಬಾಗಿಲು ಮುಚ್ಚಿದ ಒಂದು ಅಂಗಡಿಯ ಜಗಲಿಯಲ್ಲಿ ಒಬ್ಬ ಅಜ್ಜ ಇರುತ್ತಾರೆ. ಮನೆ ಮಠ ಯಾವುದೂ ಇದ್ದಂತಿಲ್ಲ. ಆಟಿಯ ಮಳೆಗೆ ಒಂದು ಸಂಜೆ ಬಸ್ಸು ತಡವಾಗಿ ನಾನೂ ಅದೇ ಜಗಲಿಯಲ್ಲಿ ನಿಂತೆ. ಮನಸ್ಸು ಕೇಳಲಿಲ್ಲ, ಒಂದು ಚಾ, ಒಂದು ಪ್ಯಾಕೆಟ್ ಬಿಸ್ಕೆಟ್ ತಂದುಕೊಟ್ಟೆ. ಅವರು ಅರ್ಧ ಬಿಸ್ಕೆಟ್ ಪಕ್ಕದಲ್ಲಿದ್ದ ನಾಯಿಗೆ ಹಾಕಿದರು. ನನ್ನ ಕಣ್ಣು ತುಂಬಿತು. ಏನೂ ಇಲ್ಲದವರಿಗೆ ಎಷ್ಟೊಂದು ತೃಪ್ತಿ! ದೇವರೇ ನನಗೆ ಪಾಠ ಹೇಳಿದ ಅನ್ನಿಸಿತು. ಭಜನೆಯ ದಿನ ಎಲ್ಲರ ಎದುರು ಇದನ್ನು ಹೇಳಿದೆ, ಎಲ್ಲರೂ ಮೆಚ್ಚಿದರು. ಮನೆಯಲ್ಲಿ ಹೇಳಿದಾಗ ಏಳನೇ ಕ್ಲಾಸಿನ ಮಗಳು, "ಅಮ್ಮಾ, ಆ ಅಜ್ಜನ ಹೆಸರೇನು?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವತ್ತಿನಿಂದ ಏನೋ ಕಸಿವಿಸಿ. ಇಂಥವರಲ್ಲಿ ಅಧ್ಯಾತ್ಮದ ಪಾಠ ಕಾಣುವುದು ತಪ್ಪೇ? ನಾನು ಮುಂದೆ ಏನು ಮಾಡಬೇಕು?

ಉತ್ತರ: ನಿಮ್ಮ ಕಣ್ಣು ತುಂಬಿದ್ದು ಸುಳ್ಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ನಾನು ಬರೆಯುವುದರಲ್ಲಿ ಕೆಲವು ಮಾತು ನಿಮಗೆ ಸ್ವಲ್ಪ ಗಟ್ಟಿ ಅನ್ನಿಸಬಹುದು. ಮಳೆಯಲ್ಲಿ ನೂರು ಜನ ಆ ಜಗಲಿ ದಾಟಿ ಹೋಗಿರುತ್ತಾರೆ. ನೀವು ಚಾ ತಂದಿರಿ. ಅದು ನಡೆದ ಸಂಗತಿ, ಅದಕ್ಕೆ ಬೆಲೆ ಇದ್ದೇ ಇದೆ.

ಇನ್ನು ಪಾಠದ ವಿಷಯ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮಳೆ ಇದೆ, ಚಾ ಇದೆ, ನಾಯಿ ಇದೆ, ನಿಮ್ಮ ಕಣ್ಣೀರಿದೆ, ಭಜನೆಯವರ ಮೆಚ್ಚುಗೆ ಇದೆ. ಆ ಅಜ್ಜನ ಒಂದು ಮಾತು ಮಾತ್ರ ಇಲ್ಲ. ಅವರು ಏನಾದರೂ ಹೇಳಿದರಾ? ನೀವು ಏನಾದರೂ ಕೇಳಿದಿರಾ? ನಿಮ್ಮ ಮಗಳ ಕಿವಿಗೆ ಬಿದ್ದದ್ದು ಈ ಖಾಲಿ ಜಾಗ ಅಂತ ಕಾಣುತ್ತದೆ. ಅಮ್ಮ ಹೇಳುವ ಕಥೆಯಲ್ಲಿ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಹೆಸರಿಲ್ಲ ಅಂದರೆ ಮಕ್ಕಳಿಗೆ ಅದು ಸರಿಬರುವುದಿಲ್ಲ. ದೊಡ್ಡವರಿಗೆ ಅಭ್ಯಾಸ ಆಗಿಹೋಗಿರುತ್ತದೆ.

ಆ ನಾಯಿಯ ವಿಷಯ ಸ್ವಲ್ಪ ಮಾತಾಡೋಣ. ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಸಂಜೆ ಗೀತೆಯ ತರಗತಿ ನಡೆಸುತ್ತೇನೆ. ತರಗತಿಗೆ ಬರುವ ಕೆಲವು ಹುಡುಗರ ಜೊತೆ ವಾರಕ್ಕೊಮ್ಮೆ ರಾತ್ರಿ ರೈಲ್ವೆ ಸ್ಟೇಷನ್ ಕಡೆ ಊಟದ ಪೊಟ್ಟಣ ತೆಗೆದುಕೊಂಡು ಹೋಗುವುದು ಕೆಲವು ವರ್ಷಗಳಿಂದ ನಡೆದುಬಂದಿದೆ. ಅಲ್ಲಿ ಹೊರಗೆ ಮಲಗುತ್ತಿದ್ದ ಒಬ್ಬರು ತಮಗೆ ಕೊಟ್ಟ ಅನ್ನದಲ್ಲಿ ಮೊದಲ ತುತ್ತು ಒಂದು ಕಪ್ಪು ನಾಯಿಗೆ ಹಾಕುತ್ತಿದ್ದರು. ನನಗೂ ನಿಮ್ಮ ಹಾಗೆಯೇ ಅನ್ನಿಸಿತ್ತು. ಪ್ರಾಣಿಗಳಿಗೆ ಅನ್ನದ ಪಾಲು ಕೊಡುವ ಭೂತಯಜ್ಞ ಅಂದರೆ ಇದೇ ಅಂತ ತರಗತಿಯಲ್ಲಿ ಹೇಳಿಯೂ ಇದ್ದೆ. ಆಮೇಲೆ ಒಂದು ದಿನ ಅವರ ಪಕ್ಕ ಕೂತು ನಾಯಿಯ ವಿಷಯ ಕೇಳಿದೆ. "ರಾತ್ರಿ ಗಂಟು ತಲೆಯಡಿ ಇಟ್ಟುಕೊಂಡರೂ ಎಳೆದುಕೊಂಡು ಹೋಗ್ತಾರೆ. ಇದು ಇದ್ದರೆ ಬೊಗಳಿ ಎಬ್ಬಿಸ್ತದೆ" ಅಂದರು. ಗಂಟಿನಲ್ಲಿ ಎರಡು ಲುಂಗಿ, ಒಂದು ಆಧಾರ್ ಕಾರ್ಡು, ಆಸ್ಪತ್ರೆಯ ಒಂದು ಹಳೇ ಚೀಟಿ. ಆ ಕಾರ್ಡು ಹೋದರೆ ತಾನು ಯಾರು ಅಂತ ಹೇಳಲು ಅವರ ಹತ್ತಿರ ಬೇರೆ ಏನೂ ಇಲ್ಲ. ಆ ತುತ್ತು ನಾಯಿಯ ಸಂಬಳ.

ಅಂದಮಾತ್ರಕ್ಕೆ ಅವರಿಗೆ ನಾಯಿಯ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ತುಂಬಾ ಇತ್ತು. ಆದರೆ ನಾನು ಕಂಡದ್ದು ಒಂದು ತುತ್ತು, ಕಟ್ಟಿದ್ದು ದೊಡ್ಡ ಪ್ರವಚನ. ನಿಮ್ಮ ಅಜ್ಜನಿಗೂ ನಾಯಿ ಕಾವಲು ಇರಬಹುದು. ಹಲ್ಲು ಇಲ್ಲದೆ ಬಿಸ್ಕೆಟ್ ಕಷ್ಟ ಆಗಿರಬಹುದು. ಸಕ್ಕರೆ ಕಾಯಿಲೆ ಇರಬಹುದು. ಸುಮ್ನೆ ನಾಯಿ ಇಷ್ಟ ಇರಬಹುದು. ಕೇಳದೆ ಗೊತ್ತಾಗುವುದಿಲ್ಲ ಅಲ್ವಾ? 'ತೃಪ್ತಿ' ಅನ್ನುವುದು ನೀವು ಇಟ್ಟ ಹೆಸರು. ಅವರು ಹಾಗೆ ಹೇಳಿಲ್ಲ.

ಈ ತೃಪ್ತಿಯ ಮಾತು ನನಗೆ ಜಾಸ್ತಿ ಚುಚ್ಚುತ್ತದೆ. ಕಾರಣ ಹೇಳುತ್ತೇನೆ. ನಮ್ಮ ಕಾಞಂಗಾಡಿನ ಆನಂದಾಶ್ರಮಕ್ಕೆ ನೀವು ಹೋಗಿರುತ್ತೀರಿ. ಅದನ್ನು ಕಟ್ಟಿದ ಸ್ವಾಮಿ ರಾಮದಾಸರು ಹುಟ್ಟಿದ್ದು 1884ರಲ್ಲಿ, ಅದೇ ಕಾಞಂಗಾಡಿನ ಹೊಸದುರ್ಗದಲ್ಲಿ. ಮನೆಯ ಹೆಸರು ವಿಠ್ಠಲ ರಾವ್. ಹೆಂಡತಿ, ಮಗಳು, ವ್ಯಾಪಾರ ಎಲ್ಲ ಇದ್ದ ಗೃಹಸ್ಥರು. 1922ರ ಡಿಸೆಂಬರ್ ಕೊನೆಯಲ್ಲಿ ಮಂಗಳೂರಿನಿಂದ ರೈಲು ಹತ್ತಿ ಹೊರಟವರು ಒಂದು ವರ್ಷದ ಹತ್ತಿರ ದೇಶ ಸುತ್ತಿದರು. ಕೈಯಲ್ಲಿ ಕಾಸಿಲ್ಲ, ಟಿಕೆಟ್ ಇಲ್ಲ. ಟಿಕೆಟ್ ನೋಡುವವರು ಇಳಿಸಿದ ಕಡೆ ಇಳಿಯುವುದು, ಸ್ಟೇಷನ್ನಿನಲ್ಲೋ ಛತ್ರದಲ್ಲೋ ಮಲಗುವುದು, ಸಿಕ್ಕಿದ್ದು ಉಣ್ಣುವುದು. ಇಳಿಸಿದವನೂ ರಾಮ, ಹತ್ತಿಸಿದವನೂ ರಾಮ. ಅನ್ನ ಕೊಟ್ಟವನೂ ರಾಮ, ಬಾಗಿಲು ಹಾಕಿದವನೂ ರಾಮ. ಮುಂದೆ 1928ರಲ್ಲಿ ಕಾಸರಗೋಡಿನ ಪಿಲಿಕುಂಜೆಯಲ್ಲಿ ಒಂದು ಸಣ್ಣ ಆಶ್ರಮ ಆಯಿತು, 1931ರಲ್ಲಿ ಕಾಞಂಗಾಡಿಗೆ ಬಂತು. ರಾಮದಾಸರ ಶಿಷ್ಯೆ ಕೃಷ್ಣಾಬಾಯಿ ಮಾತಾಜಿಯವರ ಕಾಲದಿಂದಲೂ ಅಲ್ಲಿಗೆ ಬಂದವರಿಗೆ ಊಟ ಇದೆ.

ನಾವು ಈ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ, ಹೇಳಬೇಕು. ಆದರೆ ಅದನ್ನು ಬಸ್‌ಸ್ಟ್ಯಾಂಡಿಗೆ ತಂದು ಅಂಟಿಸುವಾಗ ಎರಡು ಕಡೆ ಎಡವುತ್ತೇವೆ. ರಾಮದಾಸರು ತಾವಾಗಿ ಬಿಟ್ಟು ಹೊರಟವರು. ಬಿಟ್ಟದ್ದಕ್ಕೆ ವೈರಾಗ್ಯ ಅನ್ನುತ್ತೇವೆ. ಕಳಕೊಂಡದ್ದಕ್ಕೆ ಹಾಗೆ ಅನ್ನಲು ಬರುತ್ತದಾ? ಕೆಂಪುಕಲ್ಲಿನ ಕೋರೆಗೆ ಕೆಲಸಕ್ಕೆ ಬಂದು, ಸೊಂಟ ಮುರಿದುಕೊಂಡು, ಊರಿಗೆ ಹೋಗಲು ಮುಖವಿಲ್ಲದೆ ಇಲ್ಲೇ ಉಳಿದವರನ್ನು ನಾನು ನೋಡಿದ್ದೇನೆ. ಮಕ್ಕಳು ಆಸ್ತಿ ಪಾಲು ಮಾಡಿಕೊಂಡ ಮೇಲೆ ಹೊರಬಂದವರನ್ನು ನೋಡಿದ್ದೇನೆ. ತಲೆ ಕೆಟ್ಟು ಯಾವುದೋ ರೈಲು ಹತ್ತಿ, ಇಳಿದ ಊರು ಯಾವುದು ಅಂತ ತಿಳಿಯದವರನ್ನೂ ನೋಡಿದ್ದೇನೆ. ಇವರ ಮುಖದಲ್ಲಿ ಶಾಂತಿ ಕಂಡರೆ ಅದು ದಣಿವೂ ಆಗಿರಬಹುದು.

ಎರಡನೆಯದು ಇನ್ನೂ ಮುಖ್ಯ. ರಾಮದಾಸರಿಗೆ ಪಾಠ ಸಿಕ್ಕಿದ್ದು ಪ್ಲಾಟ್‌ಫಾರ್ಮಿನಲ್ಲಿ ಮಲಗಿದ್ದಾಗ, ಅಲ್ಲಿ ಮಲಗಿದವರನ್ನು ನೋಡಿದಾಗ ಅಲ್ಲ. ನಾವು ನಿಂತಿರುವ ಜಾಗ ಬೇರೆ. ಅವರ ಕಥೆಯಲ್ಲಿ ನಮ್ಮ ಪಾತ್ರ ಹುಡುಕಿದರೆ ನಾವು ಟಿಕೆಟ್ ಕೇಳಿದವರು, ಅನ್ನ ಹಾಕಿದವರು, ಬಾಗಿಲು ಹಾಕಿದವರು. ಆ ಸಾಲಿನಲ್ಲಿ ನಾನು ಎಲ್ಲಿ ನಿಂತಿದ್ದೇನೆ ಅನ್ನುವುದೇ ನಮಗೆ ಉಳಿಯುವ ಪ್ರಶ್ನೆ.

ನಮ್ಮ ನಾಡಿನಲ್ಲಿ ಈ ಪ್ರಶ್ನೆಯನ್ನು ಕೆಂಡದ ಮೇಲೆ ಮಲಗಿ ಕೇಳುವ ಒಂದು ದೈವವೇ ಇದೆ. ಪೊಟ್ಟನ್ ತೆಯ್ಯಂ. ಕಾಸರಗೋಡು, ಕಣ್ಣೂರು ಕಡೆ ಇದನ್ನು ನೋಡದವರು ಕಡಿಮೆ. ಮಲೆಯಾಳದಲ್ಲಿ ಪೊಟ್ಟನ್ ಅಂದರೆ ಕಿವಿ ಕೇಳದವ, ಪೆದ್ದ. ಶಂಕರಾಚಾರ್ಯರು ದಾರಿಯಲ್ಲಿ ಎದುರು ಬಂದ ಒಬ್ಬ ಕೀಳುಜಾತಿಯವನನ್ನು ಪಕ್ಕಕ್ಕೆ ಸರಿ ಅಂದರು, ಅವನು ಸರಿಯದೆ ತಿರುಗಿ ಪ್ರಶ್ನೆ ಹಾಕಿದ ಅನ್ನುವ ಕಥೆ ಅದರ ಹಿಂದಿದೆ. ನಿಮ್ಮನ್ನು ಕಡಿದರೂ ಬರುವುದು ರಕ್ತವೇ, ನಮ್ಮನ್ನು ಕಡಿದರೂ ಬರುವುದು ರಕ್ತವೇ, ಮತ್ತೆ ಜಗಳ ಯಾಕೆ ಅಂತ ಅವನ ವಾದ. ಕಾಶಿಯಲ್ಲಿ ನಡೆಯಿತು ಅನ್ನುವ ಕಥೆಯಲ್ಲೂ ಹಾಗೆಯೇ, ಸರಿಯಬೇಕಾದದ್ದು ದೇಹವೋ ಆತ್ಮವೋ ಅಂತ ಚಂಡಾಲ ಕೇಳುತ್ತಾನೆ.

ಕಥೆಯ ಕೊನೆಯಲ್ಲಿ ಅವನು ಶಿವ ಅಂತ ತಿಳಿಯುತ್ತದೆ. ಎಲ್ಲರಿಗೂ ನೆನಪಿರುವುದು ಆ ಕೊನೆ. ನನಗೆ ಮಾತ್ರ ವರ್ಷ ಕಳೆದ ಹಾಗೆ ಅದರ ಮೊದಲೇ ದೊಡ್ಡದಾಗಿ ಕಾಣುತ್ತಿದೆ. ಶಿವ ಅಂತ ತಿಳಿಯುವ ಮೊದಲೇ ಅವನು ಕೇಳಿದ ಪ್ರಶ್ನೆ ಸರಿಯಾಗಿತ್ತು. ಅವನು ಬರೇ ಮನುಷ್ಯನೇ ಆಗಿದ್ದರೂ ಅದು ಸರಿಯೇ. ಮತ್ತೆ ಒಂದು ವಿಷಯ ಗಮನಿಸಿ. ಆ ಕಥೆಯಲ್ಲಿ ಪೆದ್ದ ಅನ್ನಿಸಿಕೊಂಡವನು ಮಾತಾಡುತ್ತಾನೆ, ಆಚಾರ್ಯರು ನಿಂತು ಕೇಳುತ್ತಾರೆ. ನಮ್ಮ ಭಜನೆಯ ಮನೆಗಳಲ್ಲಿ ಹೇಳುವ ಅನುಭವಗಳಲ್ಲಿ ಬಡವರು ಬಂದು ಹೋಗುತ್ತಾರೆ, ಬಾಯಿ ಬಿಡುವುದಿಲ್ಲ. ನಾವೇ ಅವರ ಪರವಾಗಿ ಪಾಠ ಓದಿ ಮುಗಿಸುತ್ತೇವೆ.

ನೀವು ಹಾಗೆ ಹೇಳಿದ್ದೀರಿ ಅಂತಲ್ಲ, ಆದರೆ ಇಂಥ ಸಂದರ್ಭದಲ್ಲಿ ಕೇಳಿಬರುವ ಇನ್ನೆರಡು ಪಾಠಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು, "ಎಲ್ಲ ಅವರವರ ಕರ್ಮ." 2011ರ ಜನಗಣತಿಯವರು ಫೆಬ್ರವರಿ 28ರ ರಾತ್ರಿ ಫುಟ್‌ಪಾತು, ಸೇತುವೆಯಡಿ, ರೈಲ್ವೆ ಪ್ಲಾಟ್‌ಫಾರ್ಮು, ಗುಡಿಯ ಮಂಟಪ ಅಂತ ಸುತ್ತಿ ಲೆಕ್ಕ ಹಾಕಿದಾಗ ದೇಶದಲ್ಲಿ ಮನೆ ಇಲ್ಲದವರು 17 ಲಕ್ಷ 73 ಸಾವಿರ. ಅಷ್ಟೂ ಜನರ ಹಿಂದಿನ ಜನ್ಮವನ್ನು ಒಂದೇ ಮಾತಿನಲ್ಲಿ ಓದಿಬಿಡುವ ಅಧಿಕಾರ ನಮಗೆ ಯಾರು ಕೊಟ್ಟರು? ಕರ್ಮದ ವಿಚಾರ ನಮ್ಮ ಕೈ ನಾವು ನೋಡಿಕೊಳ್ಳಲಿಕ್ಕೆ ಇರುವುದು. ಇನ್ನೊಂದು, "ಇವರನ್ನು ನೋಡಿದರೆ ದೇವರು ನಮ್ಮನ್ನು ಎಷ್ಟು ಚೆನ್ನಾಗಿ ಇಟ್ಟಿದ್ದಾನೆ ಅಂತ ಗೊತ್ತಾಗ್ತದೆ." ಇದನ್ನು ಒಳ್ಳೆಯ ಮನಸ್ಸಿನವರೇ ಹೇಳುತ್ತಾರೆ, ಅದೇ ನನಗೆ ನೋವು. ಒಬ್ಬರು ನೆಲದಲ್ಲಿ ಮಲಗಿದ್ದರಿಂದ ನನ್ನ ಹಾಸಿಗೆ ಮೆತ್ತಗೆ ಅನ್ನಿಸಿದರೆ ಅದು ಕೃತಜ್ಞತೆ ಹೇಗಾಗುತ್ತದೆ?

ಹಾಗಾದರೆ ಪಾಠವೇ ಇಲ್ಲವಾ? ಇದೆ. ಅದು ಹೇಗೆ ಬರುತ್ತದೆ ಅಂತ ನನಗೆ ಗೊತ್ತಾದ ಒಂದು ರಾತ್ರಿಯ ಕಥೆ ಹೇಳುತ್ತೇನೆ.

ಅವತ್ತು ನಾವು ಐದು ಜನ, ಇಪ್ಪತ್ತನಾಲ್ಕು ಪೊಟ್ಟಣ. ಕುಚ್ಚಲಕ್ಕಿ ಅನ್ನ, ಸಾಂಬಾರು, ಒಂದು ಪಲ್ಯ. ಬಾಳೆಎಲೆ ಬಾಡಿಸಿ ಕಟ್ಟಿ, ಹೊರಗೆ ಪೇಪರು ಸುತ್ತಿದ್ದೆವು. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಒಬ್ಬ ಹೆಂಗಸು ಕೂತಿದ್ದರು, ಐವತ್ತೈದು ಅರುವತ್ತು ಇರಬಹುದು. ನಾನು ಬಗ್ಗಿ, ಎರಡೂ ಕೈಯಲ್ಲಿ ಪೊಟ್ಟಣ ಹಿಡಿದು ಕೊಟ್ಟೆ. ಹಾಗೆ ಕೊಡಬೇಕು ಅಂತ ಹುಡುಗರಿಗೆ ಕಲಿಸಿದವನೂ ನಾನೇ. ಅವರು ತೆಗೆದುಕೊಳ್ಳಲಿಲ್ಲ. ನನ್ನ ಮುಖ ನೋಡಿ ತುಳುವಿನಲ್ಲಿ "ಕೈ ದೆಕ್ಕೊಡು" ಅಂದರು. ಕೈ ತೊಳೆಯಬೇಕು.

ನಾವು ಐದೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಕುಡಿಯುವ ನೀರಿನ ಸಣ್ಣ ಬಾಟ್ಲಿಗಳಿದ್ದವು. ಕೈ ತೊಳೆಯಲು ನೀರು ಅಂತ ಯಾರಿಗೂ ಹೊಳೆದಿರಲಿಲ್ಲ. ಎಷ್ಟೋ ವಾರಗಳಿಂದ ಜನ ನಮ್ಮ ಎದುರು ಹಾಗೇ ಉಣ್ಣುತ್ತಿದ್ದರು. ನಮ್ಮ ಮನೆಗೆ ನೆಂಟರು ಬಂದರೆ ಮೊದಲು ಕೊಡುವುದೇ ಕೈಕಾಲಿಗೆ ನೀರು. ಇಲ್ಲಿ ಅದು ಮರೆತುಹೋಗಿತ್ತು. ಅಂದರೆ ಇವರನ್ನು ನಾವು ನೆಂಟರ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

ಅವರು ಎದ್ದು, ಚೀಲವನ್ನು ನಮ್ಮ ಹತ್ತಿರವೇ ಬಿಟ್ಟು, ನಳ್ಳಿಯವರೆಗೆ ನಡೆದು ಹೋದರು. ಕೈ, ಮುಖ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದರು. ಆಮೇಲೆ ಪೊಟ್ಟಣ ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಕೂತರು. ನಾವು ಇನ್ನೂ ಅಲ್ಲೇ ನಿಂತಿದ್ದೆವು. ಸ್ವಲ್ಪ ಹೊತ್ತು ಬೇಕಾಯಿತು ನನಗೆ, ಅವರು ನಮ್ಮ ಕಣ್ಣಿನಿಂದ ಮರೆಯಾಗಲು ಹಾಗೆ ಕೂತದ್ದು ಅಂತ ತಿಳಿಯಲು. ನಮ್ಮಲ್ಲೊಬ್ಬ ಹುಡುಗ ಫೋಟೋ ತೆಗೆಯಲು ಹಿಡಿದಿದ್ದ ಫೋನನ್ನು ಕಿಸೆಗೆ ಹಾಕಿಕೊಂಡ. ನಾನು ಏನೂ ಹೇಳಬೇಕಾಗಿ ಬರಲಿಲ್ಲ.

ತೈತ್ತಿರೀಯ ಉಪನಿಷತ್ತಿನಲ್ಲಿ ಗುರು ಶಿಷ್ಯನನ್ನು ಮನೆಗೆ ಕಳಿಸುವಾಗ ಹೇಗೆ ಕೊಡಬೇಕು ಅಂತ ಹೇಳುತ್ತಾನೆ. ಶ್ರದ್ಧೆಯಿಂದ ಕೊಡು ಅನ್ನುವುದು ಎಲ್ಲರಿಗೂ ಗೊತ್ತು. ಅದರ ಸ್ವಲ್ಪ ಮುಂದೆ 'ಹ್ರಿಯಾ ದೇಯಮ್' ಅಂತ ಬರುತ್ತದೆ. ನಾಚಿಕೆಯಿಂದ ಕೊಡು. ಆ ಸಣ್ಣ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ 'ವಿನಯದಿಂದ' ಅಂತ ಅರ್ಥ ಹೇಳಿ ದಾಟಿಸಿದ್ದೆ. ಅವತ್ತು ರಾತ್ರಿ ಅದು ನಾಚಿಕೆಯೇ ಅಂತ ಗೊತ್ತಾಯಿತು. ಕೊಡುವವನ ಮುಖ ಬಿಸಿಯಾಗುವಂಥ ನಾಚಿಕೆ. ಗೀತೆಯ ಹದಿನೇಳನೇ ಅಧ್ಯಾಯದಲ್ಲಿ ಮರ್ಯಾದೆ ಇಲ್ಲದೆ, ತಾತ್ಸಾರದಿಂದ ಕೊಟ್ಟದ್ದನ್ನು ತಾಮಸ ದಾನದ ಸಾಲಿಗೆ ಹಾಕಿದ್ದು ಯಾಕೆ ಅಂತಲೂ ತಿಳಿಯಿತು. ನಮಗೆ ತಾತ್ಸಾರ ಇರಲಿಲ್ಲ ಅಂತ ನಾವು ಅಂದುಕೊಂಡಿದ್ದೆವು. ನೀರು ಮರೆತದ್ದರಲ್ಲಿ ಅದು ಇತ್ತು.

ಮುಂದಿನ ವಾರದಿಂದ ಒಂದು ಕೊಡ ನೀರು, ಒಂದು ಚೆಂಬು, ಸೋಪು ಜೊತೆಗೆ ಬರುತ್ತದೆ. ಕೊಟ್ಟ ಮೇಲೆ ನಿಲ್ಲುವುದಿಲ್ಲ. ಕೂರಿ ಅಂದರೆ ಮಾತ್ರ ಕೂರುತ್ತೇವೆ. ನನ್ನ ಮಟ್ಟಿಗೆ ಪಾಠ ಅಂದರೆ ಇಂಥದ್ದು. ಅದು ಆ ಹೆಂಗಸಿನ ಮಹಿಮೆಯ ಬಗ್ಗೆ ಇರಲಿಲ್ಲ, ನನ್ನ ಕಣ್ಣಿನ ಪೊರೆಯ ಬಗ್ಗೆ ಇತ್ತು. ಮತ್ತು ಅದು ಬಂದದ್ದು ಅವರು ಮಾತಾಡಿದ್ದರಿಂದ.

ಈಗ ನೀವು ಮಾಡಬಹುದಾದ ಕೆಲಸ. ಮನೆಯಲ್ಲಿ ಒಂದು ನೋಟ್ ಬುಕ್ ಇಡಿ. ಅಜ್ಜನನ್ನು ಕಂಡ ದಿನ ಪುಟದ ಒಂದು ಕಡೆ ನೋಡಿದ್ದು ಬರೆಯಿರಿ, ಇನ್ನೊಂದು ಕಡೆ ಅಂದುಕೊಂಡದ್ದು. 'ಅರ್ಧ ಬಿಸ್ಕೆಟ್ ನಾಯಿಗೆ ಹಾಕಿದರು' ಅನ್ನುವುದು ಒಂದು ಕಡೆಗೆ. 'ತೃಪ್ತಿ' ಇನ್ನೊಂದು ಕಡೆಗೆ. ನಾನು ಇದನ್ನು ಹದಿನೈದು ದಿನ ಮಾಡಿ ನೋಡಿದ್ದೇನೆ. ಎರಡನೇ ಕಡೆ ಬೇಗ ತುಂಬುತ್ತದೆ. ಜಪ, ಧ್ಯಾನಕ್ಕಿಂತ ಇದು ಕಡಿಮೆ ಸಾಧನೆ ಅಂತ ನನಗೆ ಅನ್ನಿಸಿಲ್ಲ.

ಹೆಸರು ಕೇಳುವುದಕ್ಕೂ ಒಂದು ಕ್ರಮ ಇದೆ. ಮೊದಲು ನಿಮ್ಮ ಹೆಸರು ಹೇಳಿ. "ನಾನು ಇಂಥವಳು, ದಿನಾ ಇಲ್ಲೇ ಬಸ್ಸು ಇಳೀತೇನೆ." ನಮ್ಮದು ಏಳು ಭಾಷೆಯ ಊರು, ಕನ್ನಡ ಬಾರದಿದ್ದರೆ ತುಳುವಿನಲ್ಲಿ, ಮಲೆಯಾಳದಲ್ಲಿ ನೋಡಿ. ಅವರು ಹೆಸರು ಹೇಳದಿದ್ದರೆ ಬಿಟ್ಟುಬಿಡಿ. ಹೇಳದಿರುವುದೂ ಅವರ ಇಷ್ಟ. ಯಾಕೆ ಹೀಗಾಯಿತು, ಮಕ್ಕಳಿಲ್ವಾ ಅಂತ ಮೊದಲ ದಿನವೇ ಕೇಳಬೇಡಿ. ನಮ್ಮನ್ನು ಯಾರಾದರೂ ಬಸ್‌ಸ್ಟ್ಯಾಂಡಿನಲ್ಲಿ ಹಾಗೆ ಕೇಳಿದರೆ ನಾವು ಉತ್ತರ ಕೊಡುತ್ತೇವಾ? ನಾಳೆ ಬರುತ್ತೇನೆ ಅಂತ ಹೇಳಿದರೆ ಬರಬೇಕು. ಬರಲು ಆಗದಿದ್ದರೆ ಹೇಳಬೇಡಿ. ಕಾಯುವುದು ಅವರಿಗೆ ಬೇಕಾದಷ್ಟು ಇದೆ. ದುಡ್ಡು ಕೊಡಬೇಕೋ ಬೇಡವೋ ಅಂತ ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಏನು ಬೇಕು ಅಂತ ಅವರನ್ನೇ ಕೇಳಿದರೆ ಅರ್ಧ ಗೊಂದಲ ಹೋಗುತ್ತದೆ. ಚಪ್ಪಲಿ, ಮಳೆಗೆ ಒಂದು ಟಾರ್ಪಾಲು, ಗಾಯಕ್ಕೆ ಮುಲಾಮು, ಇಂಥದ್ದೇ ಜಾಸ್ತಿ ಕೇಳುವುದು.

ಅವರ ವಯಸ್ಸಿಗೆ ಸಂಬಂಧಿಸಿದ ಸಹಾಯಕ್ಕೆ 14567 ಅನ್ನುವ ನಂಬರು ಇದೆ, ಹಿರಿಯರಿಗಾಗಿ ಇರುವ ಉಚಿತ ಸಹಾಯವಾಣಿ. ನಿರ್ಗತಿಕ ಹಿರಿಯರ ವಿಷಯವನ್ನೂ ಅಲ್ಲಿಗೆ ತಿಳಿಸಬಹುದು. ಅವರು ಒಪ್ಪಿದರೆ ಮಾತ್ರ ಫೋನು ಮಾಡಿ. ಮನೆ ಇಲ್ಲ ಅಂದಮಾತ್ರಕ್ಕೆ ಮನಸ್ಸಿನ ಕಾಯಿಲೆ ಇದೆ ಅಂತ ಅಲ್ಲ. ಆದರೆ ನಿಜವಾಗಿ ಅಂಥ ಕಾಯಿಲೆಯಿಂದ ಅಲೆಯುತ್ತಿರುವವರು, ತಮ್ಮನ್ನು ತಾವು ನೋಡಿಕೊಳ್ಳಲಾಗದವರು ಕಂಡರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಅವರಿಗೆ ರಕ್ಷಣೆ ಕೊಡುವುದು ಪೊಲೀಸರ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋಗಬೇಕು, ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. ಕಾಣೆಯಾದವರು ಅಂತ ಎಫ್‌ಐಆರ್ ಹಾಕಿ ಮನೆಯವರನ್ನು ಹುಡುಕಬೇಕು. ಠಾಣೆಗೆ ಹೋದಾಗ ಈ ಸೆಕ್ಷನ್ ನಂಬರು ಹೇಳಿ, ಉಪಯೋಗಕ್ಕೆ ಬರುತ್ತದೆ. ಮನಸ್ಸಿನ ವಿಷಯದಲ್ಲಿ ಸಲಹೆ ಕೇಳಲು 14416 ಇದೆ. ಮಂಜೇಶ್ವರದ ಹತ್ತಿರ ಪಾವೂರಿನ ಸ್ನೇಹಾಲಯದಂಥ ಕಡೆ ಬೀದಿಯಲ್ಲಿ ಸಿಕ್ಕವರಿಗೆ ಚಿಕಿತ್ಸೆ, ಆಸರೆ ಕೊಡುವ ಕೆಲಸ ನಡೆಯುತ್ತಿದೆ. ಹೀಗೆ ಅಲೆಯುವವರನ್ನು ಗುಣಪಡಿಸಿ ಮನೆ ಸೇರಿಸುವ ಕೆಲಸಕ್ಕೇ ಮುಂಬೈಯ ಡಾಕ್ಟರ್ ಭರತ್ ವಾಟ್ವಾನಿಯವರಿಗೆ 2018ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಮನೆ ಸೇರುವುದು ಆಗದ ಮಾತಲ್ಲ.

ಭಜನೆಯಲ್ಲಿ ಹೇಳಿದ್ದರ ಬಗ್ಗೆ ಜಾಸ್ತಿ ಕೊರಗಬೇಡಿ. ಮುಂದೆ ಹೇಳುವುದಾದರೆ ನಿಮ್ಮ ಪಾಲಿನದ್ದು ಹೇಳಿ. ಎಷ್ಟು ದಿನ ನೋಡಿಯೂ ನೋಡದ ಹಾಗೆ ಹೋದಿರಿ, ಅವತ್ತು ಚಾ ಕೊಡುವಾಗ ಏನು ಹೆದರಿಕೆ ಆಯಿತು, ಮಗಳು ಕೇಳಿದಾಗ ಏನನ್ನಿಸಿತು. ಅದು ನಿಮ್ಮ ಸೊತ್ತು. ಅಜ್ಜನ ಬದುಕು ಅಜ್ಜನದ್ದು, ಅದನ್ನು ಹೇಳಬೇಕೋ ಬೇಡವೋ ಅಂತ ಅವರನ್ನು ಕೇಳದೆ ಗೊತ್ತಾಗುವುದಿಲ್ಲ.

ನಾಳೆ ಬಸ್ಸು ಇಳಿದಾಗ ಚಾಕ್ಕೆ ಸಕ್ಕರೆ ಬೇಕಾ ಬೇಡವಾ ಅಂತ ಕೇಳಿಯೇ ತನ್ನಿ. ಹೆಸರು ಗೊತ್ತಾದರೆ ನನಗೆ ಬರೆಯುವುದು ಬೇಡ. ಮಗಳಿಗೆ ಹೇಳಿ.